ಸವೆದ ರೂಪಾಯಿಗಳು

ನಿಮ್ಮ ಮನೆಯ ದೇವರ ಜಗಲಿಯ ಮೇಲೆ, ಅರಿಸಿನ ಕುಂಕುಮದ ಬಟ್ಟಲುಗಳ ಹಿಂದೆ, ಹಳೆಯದೊಂದು ಬೆಳ್ಳಿಯ ರೂಪಾಯಿ ಇರಬಹುದು. ದೀಪಾವಳಿಯ ಲಕ್ಷ್ಮೀಪೂಜೆಗೆ ಅದು ಹೊರಗೆ ಬರುತ್ತದೆ, ಹಾಲಿನಲ್ಲಿ ಮಿಂದು ಹೂವು ಏರಿಸಿಕೊಳ್ಳುತ್ತದೆ, ಮರುದಿನ ಮತ್ತೆ ಡಬ್ಬಿಯನ್ನು ಸೇರುತ್ತದೆ. ಅದರ ಮೇಲೆ ಯಾರ ಮುಖವಿದೆ, ಯಾವ ಇಸವಿಯಿದೆ ಎಂದು ಎಂದಾದರೂ ಬೆಳಕಿಗೆ ಹಿಡಿದು ನೋಡಿದ್ದೀರಾ? ನೋಡಿಲ್ಲವಾದರೆ ಇಂದು ಸಂಜೆ ನೋಡಿರಿ. ನಾನು ಹೇಳಲಿರುವ ಹವ್ಯಾಸ ಅಷ್ಟರಿಂದಲೇ ಮೊದಲಾಗುತ್ತದೆ.

ನಾಣ್ಯಸಂಗ್ರಹವೆಂದರೆ ಸಿರಿವಂತರ ಶೋಕಿ ಎಂಬ ಮಾತುಂಟು. ಟಂಕಸಾಲೆಯಿಂದ ನೇರವಾಗಿ ಬಂದ, ಕೈ ಸೋಂಕದ, ಹೊಳೆಯುವ ನಾಣ್ಯವನ್ನೇ ಬೇಡುವವರಿಗೆ ಆ ಮಾತು ಸಲ್ಲುತ್ತದೆ. ನನ್ನ ಆಲ್ಬಮ್ಮಿನಲ್ಲಿರುವುದು ಅಂಥವಲ್ಲ. ಅವು ಸಂತೆ ಕಂಡವು, ಸೆರಗಿನ ಗಂಟಿನಲ್ಲಿ ಬೆವರಿದವು, ಸಾವಿರಾರು ಬೆರಳುಗಳ ನಡುವೆ ಸವೆದವು. ಇಂಥ ನಾಣ್ಯಗಳ ಬೆಲೆ ಬಹುಪಾಲು ಅವುಗಳ ಬೆಳ್ಳಿಯ ಬೆಲೆಯ ಹತ್ತಿರವೇ ಇರುತ್ತದೆ. ಸಂಬಳದವನೊಬ್ಬ ಆರು ತಿಂಗಳಿಗೋ ವರ್ಷಕ್ಕೋ ಒಂದರಂತೆ ಕೂಡಿಸಬಹುದು. ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ನೆಲ. ಕಂಪನಿ ಸರಕಾರಕ್ಕೆ ಮುಂಚೆ ಇಲ್ಲಿಯ ಪೇಟೆಗಳ ಸುತ್ತಮುತ್ತ ಬಾಗಲಕೋಟೆಯ ಮಲ್ಹಾರಶಾಹಿ, ಆಜಮನಗರ ಗೋಕಾಕದ ರೂಪಾಯಿ, ಅಂಕುಶದ ಗುರುತಿನ ಮರಾಠಾ ರೂಪಾಯಿ ಎಂದು ನಾನಾ ನಾಣ್ಯಗಳು ನಡೆಯುತ್ತಿದ್ದವು. ಒಂದರ ತೂಕ ಇನ್ನೊಂದಕ್ಕಿಲ್ಲ. ಊರು ಬದಲಾದಂತೆ ಚಿನಿವಾರನಿಗೆ ವಟ್ಟ ತೆರಬೇಕು. 1835ರಲ್ಲಿ ಕಂಪನಿಯು ತನ್ನ ಆಳ್ವಿಕೆಗೆಲ್ಲ ಒಂದೇ ರೂಪಾಯಿಯನ್ನು ಗೊತ್ತುಮಾಡಿತು. ತೂಕ 180 ಗ್ರೇನ್, ಅಂದರೆ ಒಂದು ತೊಲೆ. ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಅದರಲ್ಲಿ 165 ಗ್ರೇನ್ ಅಪ್ಪಟ ಬೆಳ್ಳಿ. ಅಂಥ 80 ರೂಪಾಯಿಗಳ ತೂಕವೇ ಒಂದು ಸೇರು. ಆದ್ದರಿಂದ ರೂಪಾಯಿ ಬರಿಯ ಹಣವಾಗಿರಲಿಲ್ಲ. ಅಂಗಡಿಯ ತಕ್ಕಡಿಯಲ್ಲಿ ತೂಕದ ಕಲ್ಲೂ ಆಗಿತ್ತು.

ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಗೆ ಸೇರಿದ್ದವು. ರಾಯಬಾಗವಾದರೋ 1949ರಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿಯಲ್ಲಿ ವಿಲೀನವಾಗುವವರೆಗೆ ಆ ಸಂಸ್ಥಾನದ್ದು. 1956ರ ನವೆಂಬರ್ 1ರಂದು ಜಿಲ್ಲೆಯ ಈ ಭಾಗ ಕನ್ನಡ ರಾಜ್ಯವನ್ನು ಸೇರಿತು. ಗಡಿಗಳು ಹೀಗೆ ಸರಿದಾಡಿದವು. ಆದರೆ ರಾಣಿಯ ಮುಖದ ರೂಪಾಯಿ ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲೂ ಮಿರಜಿನ ಪೇಟೆಯಲ್ಲೂ ಒಂದೇ ಆಗಿತ್ತು. ಅದನ್ನು ಎಣಿಸುವವರು ಕನ್ನಡದಲ್ಲಿ ಎಣಿಸಿದರೇನು, ಮರಾಠಿಯಲ್ಲಿ ಎಣಿಸಿದರೇನು? ಚಿಲ್ಲರೆಯ ಹೆಸರುಗಳೂ ಎರಡು ಭಾಷೆಗಳಲ್ಲಿ ಬೆರೆತಿದ್ದವು: ಇಡಿಯದು ಬಂದಾ ರೂಪಾಯಿ, ನಾಲ್ಕಾಣೆಯದು ಪಾವಲಿ, ಎರಡಾಣೆಯದು ಚವಲಿ.

ಈಗ ನನ್ನ ತಪ್ಪಿನ ಕಥೆಯನ್ನು ಹೇಳಬೇಕು. ರಾಯಬಾಗದ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅಜ್ಜಿಯ ಬಳಿ ಒಂದು ಕೆಂಪು ಬಟ್ಟೆಯ ಗಂಟಿತ್ತು. ಅದರಲ್ಲಿ ನಲವತ್ತಕ್ಕೆ ಮೇಲ್ಪಟ್ಟು ಬಂದಾ ರೂಪಾಯಿಗಳು. 1941ರಿಂದ 1943ರೊಳಗೆ ಸರಕಾರವು ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಹೀಗೆ ಸರದಿಯಾಗಿ ಹಳೆಯ ಬೆಳ್ಳಿಯ ರೂಪಾಯಿಗಳನ್ನು ಚಲಾವಣೆಯಿಂದ ಹಿಂದೆಗೆದುಕೊಂಡಿತು. ಆದರೆ ಅಜ್ಜಿ ತನ್ನ ಗಂಟನ್ನು ಬಿಚ್ಚಲಿಲ್ಲ. 1980ರ ಆಚೀಚೆ ಜಗತ್ತಿನ ಪೇಟೆಯಲ್ಲಿ ಬೆಳ್ಳಿಯ ಬೆಲೆ ಒಮ್ಮೆಲೇ ಏರಿತು. ನಮ್ಮ ಮನೆಯಲ್ಲಿ ಚಿಕ್ಕ ಅತ್ತೆಯ ಮದುವೆ ನಿಂತಿತ್ತು. ಗಂಟನ್ನು ಹೊತ್ತು ಅಪ್ಪನ ಜೊತೆ ಪೇಟೆಗೆ ಹೋದ ಹುಡುಗ ನಾನೇ. ಸರಾಫರು ಅವನ್ನು ಎಣಿಸಲೂ ಇಲ್ಲ. ತಕ್ಕಡಿಗೆ ಸುರಿದು ತೂಗಿದರು. ನಿಪ್ಪಾಣಿಯಿಂದ ಹೆಚ್ಚು ದೂರವಿಲ್ಲದ ಹುಪರಿ ಬೆಳ್ಳಿಯ ಕಾಲ್ಗೆಜ್ಜೆಗಳಿಗೆ ಹೆಸರಾದ ಊರು. ಅಜ್ಜಿಯ ರೂಪಾಯಿಗಳು ಅಲ್ಲಿ ಕರಗಿ, ಕಾಣದ ಯಾರದೋ ಕಾಲಲ್ಲಿ ಗೆಜ್ಜೆಯಾಗಿ ಉಲಿದಿರಬೇಕು. ಆ ಹಣದಿಂದ ಅತ್ತೆಯ ಮದುವೆ ನಡೆಯಿತು. ಅಜ್ಜಿ ಅತ್ತದ್ದನ್ನು ನಾನು ಕಾಣಲಿಲ್ಲ. ಆದರೆ ಬರಿದಾದ ಬಟ್ಟೆಯನ್ನು ಒಗೆದು ಮಡಿಸಿ, ಮತ್ತೆ ಅದೇ ಪೆಟ್ಟಿಗೆಯಲ್ಲಿಟ್ಟದ್ದನ್ನು ಕಂಡೆ.

ಸರಾಫರು ಒಂದು ರೂಪಾಯಿಯನ್ನು ಹಿಂದಕ್ಕೆ ಕೊಟ್ಟಿದ್ದರು. ‘ತಗೋ ತಮ್ಮಾ, ಅಜ್ಜೀ ನೆನಪಿಗೆ ಒಂದರ ಇರ್ಲಿ’ ಎಂದಿದ್ದರು. 1918ರದು. ಕಪ್ಪಾಗಿತ್ತು. ಅಜ್ಜಿಗೆ ಸಂತೋಷವಾಗಲೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದೆ. ಫಳಫಳ ಹೊಳೆಯಿತು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಸವರಿ, ‘ಇದು ನಂದಲ್ಲ ಬಿಡು’ ಎಂದಳು. ಅಕ್ಷರಗಳ ಸಂದಿನಲ್ಲಿದ್ದ ಅರಿಸಿನ ಹೋಗಿತ್ತು; ಮೇಲೆಲ್ಲ ಕೂದಲೆಳೆಯಂಥ ಗೀರುಗಳು ಎದ್ದಿದ್ದವು. ಆ ಗೀರುಗಳು ಇಂದಿಗೂ ಹಾಗೆಯೇ ಇವೆ. ಸಂಗ್ರಹದ ಮೊದಲ ಪಾಠವನ್ನು ನಾನು ಕಲಿತದ್ದು ಹೀಗೆ: ಹಳೆಯ ನಾಣ್ಯವನ್ನು ತಿಕ್ಕಬಾರದು. ಬೆಳ್ಳಿಯ ಕಪ್ಪು ಕೊಳೆಯಲ್ಲ, ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಡನೆ ಕೂಡಿ ಆದ ಪದರು. ಅದು ನಾಣ್ಯದ ವಯಸ್ಸು.

ಸಂಗ್ರಹವನ್ನು ಎಲ್ಲಿಂದ ಆರಂಭಿಸಬೇಕು? ಎಲ್ಲ ಇಸವಿಗಳ ಬೆನ್ನು ಹತ್ತಬೇಡಿರಿ. ಬಂದಾ ರೂಪಾಯಿಯ ಬಗೆಗಳಿಗೆ ಹತ್ತು ಗೂಡುಗಳ ಒಂದು ಹಾಳೆ ಸಾಕು. ಮೊದಲನೆಯದು 1835ರ ನಾಲ್ಕನೆಯ ವಿಲಿಯಂ. ಎರಡು ಮತ್ತು ಮೂರು, 1840ರ ತರುಣಿ ವಿಕ್ಟೋರಿಯಾ: ಒಂದರಲ್ಲಿ ಅಕ್ಷರಗಳು ತಲೆಯ ಮೇಲೆ ಸಾಲಾಗಿ ಸುತ್ತಿವೆ, ಇನ್ನೊಂದರಲ್ಲಿ ಮುಖದ ಎರಡು ಬದಿಗೆ ಒಡೆದಿವೆ. ನಾಲ್ಕನೆಯದು 1862ರಿಂದ ಬಂದ ಕಿರೀಟಧಾರಿ ರಾಣಿ. ಇಲ್ಲೊಂದು ತಮಾಷೆ ಉಂಟು: 1874ರಲ್ಲಿ ಇಸವಿ ಬದಲಿಸುವವರೆಗೂ, ಯಾವ ವರ್ಷ ಅಚ್ಚಾದರೂ ನಾಣ್ಯದ ಮೇಲೆ 1862 ಎಂದೇ ಇರುತ್ತಿತ್ತು. ಐದನೆಯದು 1877ರಿಂದ 1901ರವರೆಗಿನದು. ಅದರಲ್ಲಿ ರಾಣಿ ಚಕ್ರವರ್ತಿನಿಯಾಗಿದ್ದಾಳೆ. ಆರನೆಯದು 1903ರಿಂದ 1910ರವರೆಗಿನ ಎಡ್ವರ್ಡ್, ಕಿರೀಟವಿಲ್ಲದ ಬರಿದಲೆ.

ಏಳನೆಯದು 1911ರ ಐದನೆಯ ಜಾರ್ಜ್. ಅವನ ನಿಲುವಂಗಿಯ ಮೇಲೊಂದು ಆನೆಯ ಚಿತ್ರವಿದೆ. ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಂಡಿತೆಂದು ಜನ ಸಿಟ್ಟಾದರು. 1912ರಿಂದ ಆನೆಯನ್ನು ತಿದ್ದಬೇಕಾಯಿತು. ತಿದ್ದಿದ ಆನೆಯ 1912ರಿಂದ 1922ರವರೆಗಿನ ರೂಪಾಯಿ ಎಂಟನೆಯದು. ಒಂಬತ್ತನೆಯದು ಆರನೆಯ ಜಾರ್ಜನ 1938ರದು. 1939ರದು ಬಲು ವಿರಳ. ಆದ್ದರಿಂದಲೇ ಅದರ ನಕಲಿಗಳು ಹೆಚ್ಚು, ಅದರ ಆಸೆ ಬೇಡ. ಹತ್ತನೆಯದು 1940ರಿಂದ 1945ರವರೆಗಿನ ಯುದ್ಧಕಾಲದ ರೂಪಾಯಿ; ಅದರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿತ್ತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲಿನದು. ಅಲ್ಲಿಗೆ ನಮ್ಮ ಹಾಳೆ ಮುಗಿಯಿತು. ನನಗೆ ಈ ಹತ್ತು ಗೂಡು ತುಂಬಲು ಹನ್ನೊಂದು ವರ್ಷ ಹಿಡಿಯಿತು. ಪಾವಲಿ, ಚವಲಿಗಳ ಹಾಳೆಗಳು ಇನ್ನೂ ತುಂಬುತ್ತಲೇ ಇವೆ.

ಐದನೆಯ ಜಾರ್ಜನ ರೂಪಾಯಿ ಸಿಕ್ಕರೆ ಹಿಂಬದಿಯಲ್ಲಿ ಇಸವಿಯ ಕೆಳಗಿನ ಕಮಲವನ್ನು ನೋಡಿರಿ. ಅದರಡಿ ಸಣ್ಣ ಚುಕ್ಕೆ ಇದ್ದರೆ ಮುಂಬಯಿ ಟಂಕಸಾಲೆಯದು, ಇಲ್ಲದಿದ್ದರೆ ಕಲಕತ್ತೆಯದು. ಇಸವಿ 1918ರಿಂದ 1920ರೊಳಗಿನದಾದರೆ ಇನ್ನೊಂದು ಸೋಜಿಗ. ಮೊದಲ ಮಹಾಯುದ್ಧದಲ್ಲಿ ಈ ದೇಶದಲ್ಲಿ ಬೆಳ್ಳಿಯ ರೂಪಾಯಿಗೆ ಬೇಡಿಕೆ ಮಿತಿಮೀರಿತು. ಒಂದು ರೂಪಾಯಿಯ ಕಾಗದದ ನೋಟು 1917ರಲ್ಲಿ ಹೊರಟರೂ ಜನರ ಮನಸ್ಸು ಬೆಳ್ಳಿಯ ಮೇಲೆಯೇ. ಆಗ ಅಮೆರಿಕೆಯು 1918ರಲ್ಲಿ ಪಿಟ್‌ಮನ್ ಕಾಯಿದೆಯನ್ನು ಮಾಡಿ, ತನ್ನ ಬೆಳ್ಳಿಯ ಡಾಲರುಗಳನ್ನು, 25 ಕೋಟಿಗೂ ಹೆಚ್ಚು, ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ಇಲ್ಲಿಯ ಟಂಕಸಾಲೆಗಳಿಗೆ ಬಂದಿತು. ಅಜ್ಜಿಯ 1918ರ ರೂಪಾಯಿಯಲ್ಲಿ ಅಮೆರಿಕೆಯ ಯಾವನೋ ರೈತನ ಡಾಲರೂ ಬೆರೆತಿರಬಹುದು. ಕರಗುವುದು ಬೆಳ್ಳಿಯ ಹಣೆಬರಹ. ಅಂದಮೇಲೆ ಮಗಳ ಮದುವೆಗೆಂದು ರೂಪಾಯಿ ಕರಗಿಸಿದವರನ್ನು ದೂರಲು ನಾವು ಯಾರು? ಕರಗುವ ಮುನ್ನ ಒಂದನ್ನಾದರೂ ನೋಡಿ, ಓದಿ, ಎತ್ತಿಡುವುದಷ್ಟೇ ಸಂಗ್ರಾಹಕನ ಕೆಲಸ.

ಅದಕ್ಕಾಗಿ ಸರಾಫರ ಗೆಳೆತನ ಬೇಕು. ಚಿಕ್ಕೋಡಿಯ ಸರಾಫರೊಬ್ಬರು ನನ್ನನ್ನು ದಾರಿಯಲ್ಲಿ ಕಂಡರೆ ಕರೆಯುತ್ತಾರೆ: ‘ಬರ್ರಿ ಮಾಸ್ತರ, ಕರಗಸಾಕ ಹಾಕಿದ್ದೆ, ನಿಮ್ಮ ನೆನಪಾತು, ತಗದಿಟ್ಟೀನಿ ನೋಡ್ರಿ.’ ನನ್ನ ಅರ್ಧ ಆಲ್ಬಮ್ಮು ಈ ಒಂದು ಮಾತಿನಿಂದ ತುಂಬಿದೆ. ಅಪರಿಚಿತರಿಂದ ಕೊಳ್ಳುವಾಗ ಮಾತ್ರ ಎಚ್ಚರವಿರಲಿ. ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯೊಂದು ಜೊತೆಗಿರಲಿ. ಸವೆದ ರೂಪಾಯಿ 11.66 ಗ್ರಾಂಗಿಂತ ತುಸು ಕಡಮೆ ತೂಗೀತು. ತೀರ ಕಡಮೆಯಾದರೆ, ಇಲ್ಲವೆ ಹೆಚ್ಚಾದರೆ, ಕೆಳಗಿಡಿರಿ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಅಂಚಿನ ಸುತ್ತ ಬೆಸುಗೆಯ ಗೆರೆ ಕಂಡರೆ ಎರಕ ಹೊಯ್ದ ನಕಲಿ. ಸರದಲ್ಲಿ ಪೋಣಿಸಲು ಕೊಂಡಿ ಬೆಸೆದಿದ್ದ ನಾಣ್ಯಗಳೂ ಸಿಗುತ್ತವೆ. ಮಾರುಕಟ್ಟೆಯಲ್ಲಿ ಅವಕ್ಕೆ ಬೆಲೆ ಕಡಮೆ. ನನಗೆ ಅವುಗಳ ಮೇಲೆ ಪ್ರೀತಿ ಹೆಚ್ಚು. ಯಾವಳೋ ತಾಯಿಯ ಕೊರಳನ್ನು ಕಂಡವಲ್ಲವೆ?

ಇಡುವ ಬಗೆಯೂ ಮುಖ್ಯ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖದ ಮೇಲೆ ಬೆರಳು ಬೇಡ. ಮೆದು ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ಮುಗಳು ಕೆಲವು ವರ್ಷಗಳಲ್ಲಿ ಅಂಟಂಟಾಗಿ ನಾಣ್ಯಕ್ಕೆ ಹಸಿರು ಹಿಡಿಸುತ್ತವೆ. ಪಾಲಿಯೆಸ್ಟರ್ ಹಾಳೆಯವನ್ನೇ ಕೇಳಿ ಕೊಳ್ಳಿರಿ. ರಬ್ಬರ್ ಬ್ಯಾಂಡು ಸುತ್ತಬೇಡಿರಿ. ಅದರ ಗಂಧಕ ಬೆಳ್ಳಿಯ ಮೇಲೆ ಕಪ್ಪು ಬರೆ ಎಳೆಯುತ್ತದೆ. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಕಪಾಟಿನಲ್ಲಿಡಿರಿ.

ಎಲ್ಲಕ್ಕಿಂತ ಮಿಗಿಲಾದದ್ದು ಒಂದು ಚೀಟಿ. ಪ್ರತಿ ನಾಣ್ಯದ ಹಿಂದೆ ಅದು ಯಾವ ಊರಿನಿಂದ ಬಂತು, ಯಾವ ಬಗೆಯ ಮನೆಯಲ್ಲಿತ್ತು, ಎಂದು ಕೈಸೇರಿತು ಎಂದು ಬರೆದಿಡಿರಿ. ‘ಕಾಗವಾಡ, ಒಕ್ಕಲುತನದ ಮನೆ, ತೊಟ್ಟಿಲಲ್ಲಿ ಮಗುವಿಗೆ ಕೊಟ್ಟದ್ದು.’ ‘ಅಥಣಿ, ಚಪ್ಪಲಿ ಮಾಡುವವರ ಪೆಟ್ಟಿಗೆಯಿಂದ.’ ಇಸವಿಯನ್ನು ನಾಣ್ಯವೇ ಹೇಳುತ್ತದೆ. ಇದನ್ನು ನೀವು ಹೇಳದಿದ್ದರೆ ಇನ್ನಾರೂ ಹೇಳಲಾರರು.

ಎರಡು ಮಾತು ಧರ್ಮದವು. ಬಡವರ ಮನೆಯಿಂದ ಕೊಳ್ಳುವಾಗ ಅಂದಿನ ಬೆಳ್ಳಿಯ ದರವನ್ನು ಅವರಿಗೆ ಮೊದಲು ತಿಳಿಸಿರಿ. ಅವರ ಅರಿಯದತನ ನಿಮ್ಮ ಲಾಭವಾಗಬಾರದು. ಪಾಯ ತೋಡುವಾಗ ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ನೂರು ವರ್ಷ ಮೀರಿದ ನಾಣ್ಯಗಳು 1972ರ ಕಾಯಿದೆಯಂತೆ ಪ್ರಾಚೀನ ವಸ್ತುಗಳಾಗುತ್ತವೆ. ಪರದೇಶದ ನೆಂಟರಿಗೆ ಹಾಗೆಯೇ ಕಟ್ಟಿ ಕಳಿಸುವಂತಿಲ್ಲ.

ನನ್ನ ಆಲ್ಬಮ್ಮಿನ ಎಂಟನೆಯ ಗೂಡಿನಲ್ಲಿ ಗೀರುಬಿದ್ದ ಆ 1918ರ ರೂಪಾಯಿಯೇ ಇದೆ. ಅದಕ್ಕಿಂತ ಚೆನ್ನಾದವು ಎಷ್ಟೋ ಸಿಕ್ಕವು, ಬದಲಿಸಲಿಲ್ಲ. ಚೀಟಿಯಲ್ಲಿ ಅಜ್ಜಿಯ ಊರನ್ನು ಬರೆದು, ‘ಹುಣಸೆಹಣ್ಣಿನಿಂದ ತೊಳೆದವನು ನಾನು’ ಎಂದು ಒಪ್ಪಿಕೊಂಡಿದ್ದೇನೆ. ನಿಮ್ಮ ಜಗಲಿಯ ರೂಪಾಯಿಯನ್ನು ಇಂದು ಸಂಜೆ ಕೈಗೆತ್ತಿಕೊಳ್ಳಿರಿ. ತೊಳೆಯಬೇಡಿರಿ. ಮನೆಯಲ್ಲಿ ಹಿರಿಯರಿದ್ದರೆ ಅದು ಎಲ್ಲಿಯದೆಂದು ಕೇಳಿ, ಅವರ ಮಾತನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ನಾಣ್ಯ ಇನ್ನೂ ನೂರು ವರ್ಷ ಉಳಿದೀತು. ಹೇಳುವವರು ಅಷ್ಟು ದಿನ ಇರುವುದಿಲ್ಲ.