ನೋವಿಲ್ಲದವರ ಬೆನ್ನು ಹೇಳುವ ಸಾಕ್ಷ್ಯ

ಸೊಂಟನೋವೆಂದು ಎಂಆರ್‌ಐ ಮಾಡಿಸಿದವರ ಕೈಗೆ ಬರುವ ವರದಿಗಳಲ್ಲಿ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಎಲ್4-ಎಲ್5ರಲ್ಲಿ ಡಿಸ್ಕ್ ಬಲ್ಜ್ (ಬೆನ್ನೆಲುಬುಗಳ ನಡುವಿನ ಮೆತ್ತೆಯ ಉಬ್ಬು), ಡಿಸ್ಕ್ ಡೆಸಿಕೇಶನ್, ಆನ್ಯುಲರ್ ಟೇರ್ (ಆ ಮೆತ್ತೆಯ ಹೊರಪದರದ ಬಿರುಕು). ಓದಿದವರಿಗೆ ಬೆನ್ನೇ ಕೈಕೊಟ್ಟಿತೆಂಬ ಭಯ ಹುಟ್ಟುತ್ತದೆ. ಡೆಸಿಕೇಶನ್ ಎಂದರೆ ಡಿಸ್ಕಿನೊಳಗಿನ ನೀರಿನಂಶ ಕಡಿಮೆಯಾಗಿದೆ ಎಂದಷ್ಟೇ. ಎಳೆಯ ಡಿಸ್ಕು ಎಂಆರ್‌ಐನ ಟಿ2 ಎಂಬ ಬಗೆಯ ಚಿತ್ರದಲ್ಲಿ ನಡುವೆ ಬೆಳ್ಳಗೆ ಕಾಣುತ್ತದೆ. ವಯಸ್ಸಾದಂತೆ ನೀರು ಇಂಗಿ ಕಪ್ಪಾಗುತ್ತದೆ. ಕೂದಲು ನರೆಯುವುದಕ್ಕಿಂತ ಇದು ಹೆಚ್ಚಿನದೇನಲ್ಲ, ಆದರೆ ನರೆಗೂದಲಿಗೆ ಯಾರೂ ವರದಿ ಬರೆಯುವುದಿಲ್ಲ. ನೋವೇ ಇಲ್ಲದ, ಅದೇ ವಯಸ್ಸಿನ ಜನರ ಬೆನ್ನು ಹೇಗಿರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಇಂಥ ವರದಿಯಿಂದ ನೋವಿನ ಕಾರಣ ತೀರ್ಮಾನಿಸುವುದು ತಪ್ಪು ಎಂಬುದೇ ಈ ಉಪನ್ಯಾಸದ ವಾದ.

1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೆನ್ನುನೋವಿಲ್ಲದ 98 ಜನರನ್ನು ಸ್ಕ್ಯಾನ್ ಮಾಡಿದಾಗ ಶೇ. 52ರಷ್ಟು ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು, ಶೇ. 27ರಷ್ಟು ಮಂದಿಯಲ್ಲಿ ಹೊರಚಾಚಿತ್ತು. ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇ. 36 ಮಾತ್ರ. 2015ರಲ್ಲಿ 33 ಅಧ್ಯಯನಗಳ, ನೋವಿಲ್ಲದ 3,110 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು: ಡಿಸ್ಕ್ ಸವೆತ 20ರ ವಯಸ್ಸಿನವರಲ್ಲೇ ಶೇ. 37, 50ರವರಲ್ಲಿ ಶೇ. 80, 80ರವರಲ್ಲಿ ಶೇ. 96. ಐವತ್ತರ ವಯಸ್ಸಿನಲ್ಲಿ ಸವೆತವಿಲ್ಲದ ಬೆನ್ನು ಐದರಲ್ಲಿ ಒಂದು ಮಾತ್ರ. ವರದಿಯ ಭಾಷೆಯೂ ನಾವು ನಂಬಿದಷ್ಟು ಗಟ್ಟಿಯಲ್ಲ. ಅಮೆರಿಕದಲ್ಲಿ 63 ವರ್ಷದ ಒಬ್ಬ ಮಹಿಳೆ ಮೂರು ವಾರಗಳ ಒಳಗೆ ಹತ್ತು ಕೇಂದ್ರಗಳಲ್ಲಿ ಸ್ಕ್ಯಾನ್ ಮಾಡಿಸಿಕೊಂಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಟ್ಟು 49 ಬಗೆಯ ದೋಷಗಳು ವರದಿಯಾದವು. ಹತ್ತೂ ಕೇಂದ್ರಗಳು ಒಪ್ಪಿದ ದೋಷ ಒಂದೂ ಇರಲಿಲ್ಲ. ಅದೇ ಬೆನ್ನು, ಹತ್ತು ತೀರ್ಪು.

ನೋವಿರುವವರಲ್ಲಿ ಇವೇ ಬದಲಾವಣೆಗಳು ಹೆಚ್ಚಾಗಿ ಕಾಣುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಐವತ್ತರೊಳಗಿನವರಲ್ಲಿ ಉಬ್ಬು, ಸವೆತ ಎರಡೂ ನೋವಿರುವವರಲ್ಲೇ ಹೆಚ್ಚು ಎಂದು 2015ರ ಮತ್ತೊಂದು ವಿಶ್ಲೇಷಣೆ ತೋರಿಸಿದೆ. ಆದರೆ ನೂರಾರು ಜನರ ಸರಾಸರಿಯಲ್ಲಿ ಕಂಡ ಸಂಬಂಧವು ಎದುರಿಗೆ ಕುಳಿತ ಒಬ್ಬರ ನೋವಿಗೆ ಆ ಉಬ್ಬೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಕಾಲಿಗಿಳಿಯುವ ನೋವು, ಕಡಿಮೆಯಾದ ಸ್ಪರ್ಶ, ಸೋತ ಸ್ನಾಯು, ಇವೆಲ್ಲ ಉಬ್ಬು ಕಂಡ ಮಟ್ಟದ ನರಕ್ಕೆ ತಾಳೆಯಾದಾಗ ಮಾತ್ರ ಚಿತ್ರಕ್ಕೆ ಅರ್ಥ ಬರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಸ್ಕ್ಯಾನ್ ಮಾಡದಿದ್ದರೆ ಕ್ಯಾನ್ಸರೋ ಬೆನ್ನುಮೂಳೆಯ ಕ್ಷಯವೋ ತಪ್ಪಿಹೋದೀತು. ಕ್ಷಯ ಇನ್ನೂ ಉಳಿದಿರುವ ನಮ್ಮ ದೇಶದಲ್ಲಿ ಈ ಮಾತನ್ನು ತಳ್ಳಿಹಾಕಲಾಗದು. ಬಿಡದ ಜ್ವರ, ತೂಕ ಇಳಿತ, ಹಿಂದೆ ಕ್ಯಾನ್ಸರ್ ಬಂದಿದ್ದ ಇತಿಹಾಸ, ದೊಡ್ಡ ಪೆಟ್ಟು ಇದ್ದರೆ ಸ್ಕ್ಯಾನ್ ಬೇಗ ಆಗಬೇಕು. ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ದಿನೇದಿನೇ ಕುಂದಿದರೆ ಒಂದು ಗಂಟೆಯನ್ನೂ ಕಳೆಯಬಾರದು. ಇಂಥ ಲಕ್ಷಣಗಳಿಲ್ಲದವರಿಗೆ ತಕ್ಷಣ ಎಕ್ಸ್-ರೇ ಅಥವಾ ಸ್ಕ್ಯಾನ್ ಮಾಡಿದ್ದರಿಂದ ನೋವಿನಲ್ಲಾಗಲಿ ಚಲನೆಯಲ್ಲಾಗಲಿ ಹೆಚ್ಚಿನ ಲಾಭ ಕಾಣಲಿಲ್ಲ ಎಂದು 1,800ಕ್ಕೂ ಹೆಚ್ಚು ರೋಗಿಗಳಿದ್ದ ಆರು ಪ್ರಯೋಗಗಳ ವಿಶ್ಲೇಷಣೆ 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆ.

ಲಾಭವಿಲ್ಲದಿದ್ದರೂ ನಷ್ಟವೇನು? ನಷ್ಟವಿದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೊಂಟನೋವಿನವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವರದಿಯ ದೋಷಗಳನ್ನೆಲ್ಲ ವಿವರಿಸಿದರು. ಇನ್ನೊಂದಕ್ಕೆ ಇವು ವಯಸ್ಸಿಗೆ ಸಹಜ ಎಂದು ಧೈರ್ಯ ಹೇಳಿದರು. ಆರು ವಾರಗಳ ನಂತರ ಮೊದಲ ಗುಂಪಿನವರಲ್ಲಿ ಭಯ ಹೆಚ್ಚಿತ್ತು, ನೋವು ಅಷ್ಟಾಗಿ ತಗ್ಗಿರಲಿಲ್ಲ, ಓಡಾಟವೂ ಹಿಂದುಳಿದಿತ್ತು. ವರದಿಯ ಮಾತು ರೋಗಿಯ ಮೈಮೇಲೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಹಾಗೆಂದು ನೋವಿಲ್ಲದ ಎಷ್ಟು ಜನರಲ್ಲಿ ಇವು ಇರುತ್ತವೆ ಎಂಬ ಒಂದು ಸಾಲನ್ನು ವರದಿಯಲ್ಲಿ ಸೇರಿಸಿಬಿಟ್ಟರೆ ಸಾಕೇ? ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ವರದಿಗಳೊಂದಿಗೆ ಇಂಥ ಅಂಕಿಅಂಶ ಅಚ್ಚುಹಾಕಿ ನೋಡಿದ್ದಾರೆ. ಒಟ್ಟಾರೆ ಚಿಕಿತ್ಸೆಯ ಪ್ರಮಾಣ ಇಳಿಯಲಿಲ್ಲ, ಒಪಿಯಾಯ್ಡ್ ನೋವುಮಾತ್ರೆಗಳನ್ನು ಬರೆದುಕೊಡುವುದು ಮಾತ್ರ ತುಸು ತಗ್ಗಿತು. ಅಂಕಿ ಬೇಕು, ಅದನ್ನು ಬಾಯಿಬಿಟ್ಟು ವಿವರಿಸುವ ವೈದ್ಯರೂ ಬೇಕು.

ಆದ್ದರಿಂದ ರೇಡಿಯಾಲಜಿಸ್ಟರಲ್ಲಿ ನನ್ನ ವಿನಂತಿ: ಮೂತ್ರಪಿಂಡದ ಗಡ್ಡೆಯೋ ಮಹಾಪಧಮನಿಯ ಉಬ್ಬೋ ಅನಿರೀಕ್ಷಿತವಾಗಿ ಕಂಡರೆ ಮುಚ್ಚುಮರೆಯಿಲ್ಲದೆ ಬರೆಯಿರಿ, ವಯಸ್ಸಿನ ಸವೆತವನ್ನು ವಯಸ್ಸಿನ ಸವೆತವೆಂದೇ ಬರೆಯಿರಿ. ವರದಿ ಹಿಡಿದು ಬಂದವರು ವೈದ್ಯರನ್ನು ಎರಡು ಪ್ರಶ್ನೆ ಕೇಳಲೇಬೇಕು: ನನ್ನ ವಯಸ್ಸಿನ, ನೋವಿಲ್ಲದ ಎಷ್ಟು ಜನರಲ್ಲಿ ಇದು ಇರುತ್ತದೆ? ಇದರಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?