ಹುಣ್ಣು ಮಾಯಿತು, ರೋಗ ಮಾಯಲಿಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ‘ಗುಪ್ತರೋಗಕ್ಕೆ ಗ್ಯಾರಂಟಿ ಔಷಧಿ’ ಅನ್ನೋ ಚೀಟಿಯನ್ನ ನಾವೆಲ್ಲ ಓದಿದ್ದೇವೆ. ಯಾರೂ ನೋಡದಾಗ ಓದಿದ್ದೇವೆ. ಇವತ್ತು ಎಲ್ಲರೆದುರು ಮಾತಾಡೋಣ.

ಸಿಫಿಲಿಸ್ ಅನ್ನೋದು ಪಾಪದ ಫಲ ಅಲ್ಲ, ದೇವರ ಶಾಪವೂ ಅಲ್ಲ. ಅದೊಂದು ರೋಗಾಣು. 1905ರಲ್ಲೇ ಜರ್ಮನಿಯ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಸಂಭೋಗದಿಂದ ಅಂಟುತ್ತೆ, ಬಸುರಿಯಿಂದ ಹೊಟ್ಟೆಯ ಕೂಸಿಗೂ ದಾಟುತ್ತೆ. ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ ನೋವಿಲ್ಲದ ಒಂದು ಹುಣ್ಣು ಏಳುತ್ತೆ. ಔಷಧಿಯಿಲ್ಲದೆಯೂ ಮಾಯುತ್ತೆ. ನಾವು ಮೋಸ ಹೋಗೋದು ಇಲ್ಲೇ. ‘ನನ್ನ ಪುಡಿಯಿಂದಲೇ ವಾಸಿಯಾಯ್ತು’ ಅಂತ ಚೀಟಿಯವನು ದುಡ್ಡು ಎಣಿಸಿಕೊಳ್ತಾನೆ. ರೋಗ ಮೈಯೊಳಗೇ ಇರುತ್ತೆ. ಆಮೇಲೆ ಅಂಗೈ, ಅಂಗಾಲಲ್ಲಿ ದದ್ದು ಬರಬಹುದು. ಅದೂ ಹೋಗುತ್ತೆ. ವರ್ಷಗಟ್ಟಲೆ ಸುಮ್ಮನಿದ್ದು ಕೆಲವರ ಹೃದಯವನ್ನ, ಮೆದುಳನ್ನ ಕೆಡಿಸುತ್ತೆ.

ಅಮೆರಿಕದ ಅಲಬಾಮಾದಲ್ಲಿ 1932ರಿಂದ 1972ರವರೆಗೆ ಏನು ನಡೀತು ಕೇಳಿ. ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆ ಈ ರೋಗವಿದ್ದ 399 ಜನ ಬಡ ಕರಿಯರನ್ನ ನಲವತ್ತು ವರ್ಷ ಬರೀ ನೋಡ್ತಾ ಕೂತಿತು. ‘ನಿಮಗೆ ಕೆಟ್ಟ ರಕ್ತ’ ಅಂದರು. ಊಟ ಕೊಟ್ಟರು, ಹೆಣ ಹೂಳೋ ಖರ್ಚು ಕೊಟ್ಟರು. ಪೆನಿಸಿಲಿನ್ ಬಂದ ಮೇಲೂ ಅದನ್ನ ಮಾತ್ರ ಕೊಡಲಿಲ್ಲ. ಹೆಂಡಿರಿಗೆ ಅಂಟಿತು, ಮಕ್ಕಳಿಗೂ ಹೋಯಿತು. 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾದ ಮೇಲೆ ನಿಂತಿತು. ಅಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ!

ಅವರಿಂದ ಮದ್ದನ್ನ ಬೇರೆಯವರು ಮುಚ್ಚಿಟ್ಟರು. ನಾವು ನಾಚಿಕೆಯಿಂದ ನಮಗೆ ನಾವೇ ಮುಚ್ಚಿಟ್ಟುಕೊಳ್ಳೋದು ಯಾವ ನ್ಯಾಯ?

ರಕ್ತಪರೀಕ್ಷೆಯಿಂದ ರೋಗ ತಿಳಿಯುತ್ತೆ. ಹೊಸದಾದರೆ ಬೆಂಜಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಸಾಮಾನ್ಯವಾಗಿ ಒಂದೇ ಸಲ ಸೂಜಿ. ಹಳೆಯದಾದರೆ ವಾರಕ್ಕೊಂದರಂತೆ ಮೂರು ವಾರ. ಪೆನಿಸಿಲಿನ್ ಒಗ್ಗದಿದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು, ಬೇರೆ ಔಷಧಿ ಇದೆ. ತಡವಾಗಿ ಚಿಕಿತ್ಸೆ ಪಡೆದರೂ ರೋಗಾಣು ಸಾಯುತ್ತೆ, ಆದರೆ ಆಗಿಹೋದ ಹಾನಿ ಸರಿಹೋಗಲ್ಲ. ಜೊತೆಗಾರರಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಮತ್ತೆ ಅಂಟುತ್ತೆ. ‘ಅವಳಿಂದ ಬಂತು’ ಅಂತ ಹೆಣ್ಣಿನ ಮೇಲೆ ಹೊರಿಸಿ ಕೈ ತೊಳ್ಕೊಳ್ಳೋದು ಬೇಡ. ಕಾಂಡೋಮ್ ಬಳಸೋಣ. ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸೋಣ.

ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಇದಕ್ಕೆ ದುಡ್ಡಿಲ್ಲ. ಅಲ್ಲಿ ಯಾರಾದರೂ ಜಾತಿ ಕೇಳಿ, ಮುಖ ಸಿಂಡರಿಸಿ ಗದರಿದರೆ? ಒಬ್ಬನನ್ನೇ ಕಳಿಸೋದು ಬೇಡ. ಇಬ್ಬರು ಜೊತೆಗೆ ಹೋಗೋಣ. ನಮ್ಮ ರೂಮಿನವನ ಹುಣ್ಣು ನಮ್ಮ ನಗೆಗೆ ವಸ್ತುವಾಗದೇ ಇರಲಿ. ಅವನ ಜೊತೆ ಸಾಲಿನಲ್ಲಿ ನಿಲ್ಲೋಣ.