ಹಳೆಯ ಪ್ಲೇಯರ್, ಹೊಸ ಸ್ಪೀಕರ್, ನಡುವೆ ಪ್ರೀ-ಆಂಪ್



ಶಿಕಾರಿಪುರ, ಸೊರಬದ ಕಡೆ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿದರೆ ರೆಕಾರ್ಡ್ ಪ್ಲೇಯರುಗಳು ಇಂದಿಗೂ ಸಿಗುತ್ತವೆ. ಕೆಲವು ಮನೆಯವರೇ ಆಸೆಪಟ್ಟು ಕೊಂಡವು, ಕೆಲವು ಮದುವೆಗೆ, ಜಾತ್ರೆಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದವರ ಮನೆಯಲ್ಲಿ ಉಳಿದುಕೊಂಡವು. ಕ್ಯಾಸೆಟ್ ಬಂದ ಮೇಲೆ ಇವೆಲ್ಲ ಅಟ್ಟ ಸೇರಿದವು. ಪಕ್ಕದಲ್ಲೇ ಪ್ಲೇಟುಗಳ ಕಟ್ಟು ಇರುತ್ತದೆ: ಸಿನಿಮಾ ಹಾಡು, ಕಾಳಿಂಗರಾಯರ ಭಾವಗೀತೆ, ವಚನ. ಅಕ್ಕಮಹಾದೇವಿಯ ಉಡುತಡಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲೇ. ಆಕೆಯ ವಚನವನ್ನು ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಆ ಊರಿನವರು ಮನೆಯ ಪ್ಲೇಟಿನಿಂದಲೇ ಕೇಳುವಂತಾಗಬೇಕು ಎನ್ನುವುದು ನನ್ನ ಆಸೆ.

ಮನೆಯ ಹುಡುಗರು ಪ್ಲೇಯರನ್ನು ಕೆಳಗಿಳಿಸಿ, ಧೂಳು ಒರೆಸಿ, ಅದರ ವೈರನ್ನು ಈಗಿನ ಸ್ಪೀಕರಿನ ಆಕ್ಸ್ ತೂತಿಗೆ ಸಿಕ್ಕಿಸುತ್ತಾರೆ. ಒಳಗೇ ಆಂಪ್ಲಿಫೈಯರ್ ಇದ್ದು, ಕರೆಂಟಿಗೆ ಹಾಕಿದರೆ ಹಾಡುವ ಸ್ಪೀಕರುಗಳನ್ನು ಹೇಳುತ್ತಿದ್ದೇನೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಹಾಡು ಕ್ಷೀಣ. ತಬಲಾದ ಎಡ ಕೇಳುವುದೇ ಇಲ್ಲ, ತಾಳದ ಚಿಣಿಚಿಣಿ ಮಾತ್ರ. ಪ್ಲೇಯರ್ ಕೆಟ್ಟಿದೆ ಎಂದುಕೊಂಡು ಗುಜರಿಗೆ ಹಾಕುವುದು ಇಂಥ ಹೊತ್ತಿನಲ್ಲೇ. ಅದು ಕೆಟ್ಟಿರುವುದಿಲ್ಲ.

ಮುಳ್ಳು ಪ್ಲೇಟಿನ ಗೆರೆಯಲ್ಲಿ ಓಡುವಾಗ ಅಲುಗುತ್ತದೆ. ಆ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಭಾಗ ಕಾರ್ಟ್ರಿಡ್ಜ್. ಅದರೊಳಗೆ ಅಯಸ್ಕಾಂತ, ಸುರುಳಿ ಇದ್ದರೆ ಹೊರಬರುವುದು 4-5 ಮಿಲಿವೋಲ್ಟ್ ಅಷ್ಟೇ. ಸ್ಪೀಕರಿನ ಆಕ್ಸ್ ತೂತು ಬಯಸುವುದು ಅದರ ಸುಮಾರು ನೂರು ಪಟ್ಟು. ಅಷ್ಟನ್ನು ಏರಿಸಿ ಕೊಡುವ ಸಣ್ಣ ಡಬ್ಬಿಯೇ ಫೋನೋ ಪ್ರೀ-ಆಂಪ್.

ಏರಿಸುವುದಷ್ಟೇ ಅದರ ಕೆಲಸವಾಗಿದ್ದರೆ ಯಾವ ಮೈಕ್ ಆಂಪ್ಲಿಫೈಯರ್ ಬೇಕಾದರೂ ಸಾಕಿತ್ತು. ಎರಡನೆಯ ಕೆಲಸ ಇನ್ನೂ ದೊಡ್ಡದು. ಮಂದ್ರದ ಸದ್ದನ್ನು ಇದ್ದ ಹಾಗೆಯೇ ಕೆತ್ತಿದರೆ ಪ್ಲೇಟಿನ ಗೆರೆ ತುಂಬಾ ಅಗಲಕ್ಕೆ ಓಲಾಡುತ್ತದೆ. ಆಗ ಒಂದು ಮಗ್ಗುಲಿಗೆ ಹೆಚ್ಚು ಹಾಡು ಹಿಡಿಸುವುದಿಲ್ಲ. ಹಾಗಾಗಿ ಪ್ಲೇಟು ಮಾಡುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಎತ್ತಿ ಕೆತ್ತುತ್ತಾರೆ. ನುಡಿಸುವಾಗ ಇದನ್ನು ತಿರುವು ಮುರುವು ಮಾಡಬೇಕು. ತಾರವನ್ನು ಮತ್ತೆ ಇಳಿಸುವಾಗ ಪ್ಲೇಟಿನ ಸರಸರ ಸದ್ದೂ ಜೊತೆಗೇ ಇಳಿಯುತ್ತದೆ. ಈ ಉಪಾಯ ನನಗೆ ಇವತ್ತಿಗೂ ಬಲು ಚೆಂದ ಕಾಣುತ್ತದೆ. ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು ಎನ್ನುವುದಕ್ಕೆ 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಒಂದು ಅಳತೆ ಗೊತ್ತುಮಾಡಿತು. ಅದರ ಹೆಸರು ಆರ್‌ಐಎಎ. ಅದರ ಪ್ರಕಾರ ನಡುವಿನ ಸ್ವರಕ್ಕೆ ಹೋಲಿಸಿದರೆ ತೀರ ಕೆಳಗಿನ ಸದ್ದನ್ನು ಪ್ರೀ-ಆಂಪ್ ಹತ್ತಿರ ಹತ್ತಿರ ಹತ್ತು ಪಟ್ಟು ಹೆಚ್ಚು ಎತ್ತುತ್ತದೆ. ತಬಲಾದ ಎಡ ಮರಳಿ ಬರುವುದು ಇಲ್ಲಿಂದಲೇ.

ಆದರೆ ಪ್ರೀ-ಆಂಪ್ ಕೊಳ್ಳಲು ಹೊರಡುವ ಮುಂಚೆ ನಿಮ್ಮ ಪ್ಲೇಯರಿನ ಮುಳ್ಳು ಯಾವ ಜಾತಿಯದು ಎಂದು ನೋಡಲೇಬೇಕು. ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇರುವುದು ಅಯಸ್ಕಾಂತದ ಕಾರ್ಟ್ರಿಡ್ಜ್ ಅಲ್ಲ, ಕ್ರಿಸ್ಟಲ್ ಅಥವಾ ಸೆರಾಮಿಕ್. ಅದು ತಾನೇ ನೂರಾರು ಮಿಲಿವೋಲ್ಟ್ ಕೊಡುತ್ತದೆ. ತಗ್ಗಿಸಿದ ಮಂದ್ರವನ್ನೂ ಬಹುಪಾಲು ತಾನೇ ಸರಿಮಾಡಿಕೊಳ್ಳುತ್ತದೆ. ಅದಕ್ಕೆ ಫೋನೋ ಪ್ರೀ-ಆಂಪ್ ಜೋಡಿಸಿದರೆ ಹಾಡು ಒಡೆದು ಕರ್ಕಶವಾಗುತ್ತದೆ. ದುಡ್ಡೂ ದಂಡ.

ಗುರುತು ಹಿಡಿಯುವುದು ಕಷ್ಟವಲ್ಲ. ಒಂದು ಕಡೆ ಎಲ್‌ಪಿ, ಇನ್ನೊಂದು ಕಡೆ 78 ಎಂದು ತಿರುಗಿಸುವ ಕಡ್ಡಿ ಹೆಡ್ಡಿನಲ್ಲಿ ಇದ್ದರೆ ಅದು ಹೆಚ್ಚುಕಡಿಮೆ ಸೆರಾಮಿಕ್ಕೇ. ಅನುಮಾನ ಇದ್ದರೆ ವಾಲ್ಯೂಮ್ ತಗ್ಗಿಸಿಟ್ಟು ನೇರ ಆಕ್ಸಿಗೆ ಜೋಡಿಸಿ, ನಿಧಾನ ಏರಿಸಿ. ಹಾಡು ಗಟ್ಟಿಯಾಗಿ ಬಂದರೆ ಸೆರಾಮಿಕ್, ಆಗ ಹೇಳಿದಂತೆ ಕ್ಷೀಣವಾಗಿ ಬಂದರೆ ಅಯಸ್ಕಾಂತದ್ದು. ಸೆರಾಮಿಕ್‌ಗೆ ಬೇರೊಂದು ತೊಂದರೆ ಇದೆ. ಒರತೆ ಕಡಿಮೆಯಿರುವ ತೋಟದ ಬಾವಿಗೆ ದೊಡ್ಡ ಪಂಪ್ ಇಟ್ಟರೆ ನೀರು ನಿಲ್ಲುವುದಿಲ್ಲವಲ್ಲ, ಹಾಗೆ ಮಾಮೂಲಿ ಆಕ್ಸ್ ತೂತು ಅದರಿಂದ ಹೆಚ್ಚು ಎಳೆದುಕೊಳ್ಳುವುದರಿಂದ ಮಂದ್ರ ಸೊರಗುತ್ತದೆ. ಸುಮಾರು 10 ಲಕ್ಷ ಓಮ್ ತಡೆ ತೋರುವ ಸಣ್ಣ ಬಫರ್ ಸರ್ಕ್ಯೂಟನ್ನು ನಡುವೆ ಇಟ್ಟರೆ ಸರಿಹೋಗುತ್ತದೆ. ಒಂದು ಎಫ್‌ಇಟಿ ಟ್ರಾನ್ಸಿಸ್ಟರ್ ಹಾಕಿ ಊರಿನ ರೇಡಿಯೋ ರಿಪೇರಿಯವರೇ ಇದನ್ನು ಮಾಡಿಕೊಡಬಲ್ಲರು.

ಅಯಸ್ಕಾಂತದ್ದೇ ಆಗಿದ್ದರೆ 47 ಕಿಲೋ ಓಮಿನ ಮೂವಿಂಗ್ ಮ್ಯಾಗ್ನೆಟ್ ಪ್ರೀ-ಆಂಪ್ ಕೇಳಿ ಪಡೆಯಿರಿ. ಪ್ಲೇಯರಿನಿಂದ ಪ್ರೀ-ಆಂಪಿಗೆ ಬರುವ ವೈರ್ ಗಿಡ್ಡ ಇರಲಿ, ಅಲ್ಲಿಂದ ಸ್ಪೀಕರಿಗೆ ಹೋಗುವುದು ಉದ್ದ ಇದ್ದರೂ ನಡೆಯುತ್ತದೆ. ಹಳೆಯ ಪ್ಲೇಯರಿಗೆ ಐದು ಪಿನ್ನಿನ ದುಂಡು ಪ್ಲಗ್ ಇದ್ದರೆ ಕತ್ತರಿಸಬೇಡಿ. 3 ಮತ್ತು 5ನೇ ಪಿನ್ನುಗಳಲ್ಲಿ ಎಡ, ಬಲದ ಹಾಡು, 2ರಲ್ಲಿ ಗ್ರೌಂಡ್. ಅದಕ್ಕೆ ತಕ್ಕ ಅಡಾಪ್ಟರ್ ಸಿಗುತ್ತದೆ. ಪ್ಲೇಯರಿನ ಹಿಂದೆ ಒಂಟಿ ವೈರ್ ಜೋತಿದ್ದರೆ ಅದನ್ನು ಪ್ರೀ-ಆಂಪಿನ ಗ್ರೌಂಡ್ ಸ್ಕ್ರೂಗೆ ಬಿಗಿಯಬೇಕು. ಬಿಟ್ಟರೆ ಹಾಡಿನ ಹಿಂದೆ ಹುಂ ಎನ್ನುವ 50 ಹರ್ಟ್ಜಿನ ಸದ್ದು ನಿಲ್ಲುವುದಿಲ್ಲ.

ಸ್ಪೀಕರನ್ನು ಪ್ಲೇಯರ್ ಇಟ್ಟ ಮೇಜಿನ ಮೇಲೇ ಇಡಬಾರದು. ಅದರ ಕಂಪನ ಮೇಜಿನಿಂದ ಮುಳ್ಳಿಗೆ ಹತ್ತಿ, ಮತ್ತೆ ಸ್ಪೀಕರಿಗೆ ಬಂದು ಗುಡುಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹಳೆಯ ವಾಲ್ವ್ ಪೆಟ್ಟಿಗೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದವೂ ಇದ್ದವು. ಅಂಥವುಗಳ ಕಬ್ಬಿಣದ ಚಾಸಿಗೇ ಕರೆಂಟ್ ಬರಬಹುದು. ಅದರಿಂದ ವೈರ್ ಎಳೆದು ಸ್ಪೀಕರಿಗೆ ಜೋಡಿಸಿದರೆ ಜೀವಕ್ಕೆ ಅಪಾಯ. ಅಟ್ಟದಲ್ಲಿ ಇಲಿ ಕಡಿದ ವೈರ್ ಕೂಡ ಹಾಗೆಯೇ. ತಿಳಿದವರಿಗೆ ತೋರಿಸದೆ ಯಾವ ಹಳೆಯ ಪ್ಲೇಯರನ್ನೂ ಕರೆಂಟಿಗೆ ಹಾಕಬೇಡಿ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ಹಳೆಯ ಪ್ಲೇಯರ್ ತಂದುಕೊಟ್ಟರೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಅಲ್ಲಿನ ಕರೆಂಟ್ 60 ಹರ್ಟ್ಜ್, ನಮ್ಮದು 50. ಎಸಿ ಮೋಟರ್ ಆದರೆ ನಿಮಿಷಕ್ಕೆ 33⅓ ಸುತ್ತಬೇಕಾದ ಪ್ಲೇಟು 28ನ್ನೂ ಮುಟ್ಟದೆ ಹಾಡನ್ನು ಎಳೆಯುತ್ತದೆ. ಮೋಟರಿನ ರಾಟೆ ಬದಲಿಸಬೇಕಾಗುತ್ತದೆ.

ಕೊನೆಗೆ ಪ್ಲೇಟುಗಳ ವಿಷಯ. ಎಲ್‌ಪಿಗೆ ಬೇಕಾದ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, ಹಳೆಯ 78ಕ್ಕೆ ಅದರ ನಾಲ್ಕು ಪಟ್ಟು. ಒಂದರ ಮುಳ್ಳನ್ನು ಇನ್ನೊಂದಕ್ಕೆ ಇಡಬಾರದು. ಸೆರಾಮಿಕ್ ಹೆಡ್ಡಿನ ಭಾರವೂ ಹೆಚ್ಚು, ಅಪರೂಪದ ಎಲ್‌ಪಿಯನ್ನು ಅದರಲ್ಲಿ ಪದೇ ಪದೇ ಹಾಕಿದರೆ ಗೆರೆ ಬೇಗ ಸವೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪ್ಲೇಟಿಗೆ ಬೂಷ್ಟು ಹಿಡಿಯುವುದು ಸಹಜ. ಅದನ್ನು ತೆಗೆಯಲು 78ರ ಪ್ಲೇಟಿಗೆ ಸ್ಪಿರಿಟ್ ಹಚ್ಚಬೇಡಿ. ಅದು ಅರಗಿನಿಂದ ಮಾಡಿದ್ದು, ಸ್ಪಿರಿಟ್ಟಿನಲ್ಲಿ ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ಒಂದು ಹನಿ ಸೋಪಿನ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಹಿಂಡಿ, ನಡುವಿನ ಲೇಬಲ್ ಒದ್ದೆಯಾಗದಂತೆ ಗೆರೆಯ ಉದ್ದಕ್ಕೂ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ.